ತುಕ್ಕು ತಿಂದ ಪುಟ್ಟ ಕಾರಿನ ಜೀರ್ಣೋದ್ಧಾರ: ಹಳಿಯಾಳ ಸೀಮೆಯ ಮನೆಯಂಗಳದಲ್ಲಿ

ಕಾರಿನ ಬಾಡಿಯಲ್ಲಿ ತುಕ್ಕು ತಿಂದ ತಗಡನ್ನು ಕತ್ತರಿಸಿ ತೆಗೆದು, ಅದೇ ಆಕಾರದ ಹೊಸ ತಗಡನ್ನು ಬೆಸೆದು, ಕಾರ್ಖಾನೆಯಿಂದ ಹೊರಬಂದ ದಿನದ ಗಟ್ಟಿತನವನ್ನು ಅದಕ್ಕೆ ಮರಳಿ ಕೊಡುವ ಕೆಲಸವೇ ಬಾಡಿಯ ಜೀರ್ಣೋದ್ಧಾರ. ಗ್ಯಾರೇಜಿನ ಮಾತಿನಲ್ಲಿ ಇದು ಟಿಂಕರಿಂಗ್. ತುಕ್ಕಿಗೆ ಧಾರವಾಡ, ಹಳಿಯಾಳದ ಕಡೆ ಜಂಗು ಎಂಬ ಹೆಸರೂ ಇದೆ. ಬಣ್ಣ ಹೊಡೆಸುವುದು ಇದರ ಕೊನೆಯ ಹಂತ ಮಾತ್ರ. ಜಂಗಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದ ಕಾರು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದು ಮೊದಲಿನ ಸ್ಥಿತಿಗೇ ಬರುತ್ತದೆ. ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ಇಳಿಯುವವರು ಮೊದಲು ತಿಳಿಯಬೇಕಾದದ್ದು ಇಲ್ಲಿಯ ಮಳೆಯ ಲೆಕ್ಕವನ್ನು, ವೆಲ್ಡಿಂಗ್ ಆಮೇಲಿನದು.

ಪುಟ್ಟ ಹಳೇ ಕಾರು ಎಂದರೆ ಈ ಭಾಗದ ಹಿರಿಯರಿಗೆ ಮೊದಲು ನೆನಪಾಗುವುದು ಫಿಯಾಟ್. ಇಟಲಿಯಲ್ಲಿ 1953ರಲ್ಲಿ ಹೊರಬಂದ ಫಿಯಾಟ್ 1100 ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಮೂಲಕ ನಮ್ಮ ರಸ್ತೆಗೆ ಬಂತು. ಗುಂಡಗಿನ ಮೈ, ಉಬ್ಬಿದ ಮೂತಿಯ ಆ ಮೊದಲ ಕಾರಿಗೆ ಮರಾಠಿ, ಕೊಂಕಣಿ ಆಡುವವರು ಇಟ್ಟ ಹೆಸರು ‘ಡುಕ್ಕರ್ ಫಿಯಾಟ್’, ಅಂದರೆ ಹಂದಿ ಫಿಯಾಟ್. 1964ರಲ್ಲಿ ಚೌಕಾಕಾರದ ಮೈಯ 1100 ಡಿಲೈಟ್ ಬಂತು. ಅದೇ ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಿಂದ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡಿತು. ಹೆಸರು ಎಷ್ಟು ಸಲ ಬದಲಾದರೂ ಜನರ ಬಾಯಲ್ಲಿ ಅದು ಫಿಯಾಟ್ ಆಗಿಯೇ ಉಳಿಯಿತು. 1089 ಸಿ.ಸಿ.ಯ ನಾಲ್ಕು ಸಿಲಿಂಡರ್ ಎಂಜಿನ್, ಸ್ಟೇರಿಂಗ್ ಕಂಬದ ಮೇಲಿನ ಗೇರ್, ನಾಲ್ಕು ಮೀಟರಿಗೆ ತುಸು ಕಡಿಮೆ ಉದ್ದ. ಮುಂಬಯಿಯ ಕರಿ-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ.

ಇದರ ಸಾಲಿನಲ್ಲಿ ಇನ್ನೂ ಕೆಲವು ಕಾರುಗಳಿವೆ. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ತಯಾರಿಸಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಅವುಗಳಲ್ಲೊಂದು; ಬ್ರಿಟನ್ನಿನ ಟ್ರಯಂಫ್ ಹೆರಾಲ್ಡಿನ ಈ ಸೋದರ ಕಾರಿನ ರೂಪ ಇಟಲಿಯ ಜಿಯೋವಾನಿ ಮಿಕೆಲೊಟ್ಟಿಯ ಕೈಯದು. ಬ್ರಿಟಿಷರ ಕಾಲದ ಬೇಬಿ ಆಸ್ಟಿನ್, ಆಮೇಲಿನ ಮಾರಿಸ್ ಮೈನರ್ ಕೂಡ ಹಳೇ ಮನೆಗಳಲ್ಲಿ ಅಪರೂಪಕ್ಕೆ ಕಾಣಸಿಗುತ್ತವೆ. 1983ರ ಡಿಸೆಂಬರ್ 14ರಂದು ಮೊದಲ ಬೀಗದ ಕೈ ಹಸ್ತಾಂತರವಾದ ಮಾರುತಿ 800 ಈಗ ಹಳತಿನ ಗೌರವ ಪಡೆಯತೊಡಗಿದೆ. ಅದರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ.

ಫಿಯಾಟಿನ ಕಥೆಗೆ ಕನ್ನಡನಾಡಿನ ನಂಟೂ ಇದೆ. ಭಾರತದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಅವರ ಜೊತೆ ನಿಂತ ಉದ್ಯಮಿ ವಾಲಚಂದ ಹೀರಾಚಂದ. ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ಏಳಬೇಕೆಂಬ ಪ್ರಯತ್ನ ಕೈಗೂಡಲಿಲ್ಲ; 1944ರಲ್ಲಿ ವಾಲಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಬೆಳಗಾವಿ, ಗೋವಾ, ಮುಂಬಯಿಗಳ ಜೊತೆಗಿನ ಈ ಭಾಗದ ಓಡಾಟ ಮಾತ್ರ ಆಮೇಲೂ ಕಡಿಯಲಿಲ್ಲ.

ತುಕ್ಕೇ ಹಿಡಿಯದ ಮೈಯ ಪುಟ್ಟ ಕಾರು ಕರ್ನಾಟಕದಲ್ಲೇ ಹುಟ್ಟಿತ್ತು ಎಂಬುದನ್ನು ಇಲ್ಲಿ ಹೇಳದೆ ಬಿಡಲಾಗದು. ಬೆಂಗಳೂರಿನ ಸನ್‌ರೈಸ್ ಆಟೊಮೊಟಿವ್ ಸಂಸ್ಥೆ, ಮುಂದೆ ಸಿಪಾನಿ ಎಂದೇ ಹೆಸರಾದದ್ದು, 1970ರ ದಶಕದಲ್ಲಿ ಮೂರು ಚಕ್ರದ ಬಾದಲ್ ಕಾರನ್ನೂ 1980ರ ದಶಕದ ಮೊದಲಲ್ಲಿ ಡಾಲ್ಫಿನ್ ಕಾರನ್ನೂ ಹೊರತಂದಿತು. ಡಾಲ್ಫಿನ್ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಭಾರತೀಯ ರೂಪ: 848 ಸಿ.ಸಿ. ಎಂಜಿನ್, ಫೈಬರ್ ಗ್ಲಾಸಿನ ಬಾಡಿ. ಮಳೆ ಅದರ ಮೈಯನ್ನು ತಿನ್ನಲಾರದು. ಆದರೆ ಕೆಳಗಿನ ಉಕ್ಕಿನ ಚಾಸಿಗೆ ತುಕ್ಕಿನ ಭಯ ತಪ್ಪಿದ್ದಲ್ಲ.

ಬಾಡಿ ಮತ್ತು ಚಾಸಿಯ ಈ ವ್ಯತ್ಯಾಸ ಜೀರ್ಣೋದ್ಧಾರದ ಮೊದಲ ಪಾಠ. ಹೆರಾಲ್ಡ್, ಬೇಬಿ ಆಸ್ಟಿನ್‌ನಂಥ ಕಾರುಗಳಲ್ಲಿ ಕೆಳಗೆ ಗಟ್ಟಿ ಚಾಸಿ ಇದ್ದು ಬಾಡಿ ಅದರ ಮೇಲೆ ಬೋಲ್ಟಿನಿಂದ ಕೂತಿರುತ್ತದೆ. ಬಾಡಿ ಸವೆದರೂ ಕಾರಿನ ನೆಟ್ಟಗಿನ ನಿಲುವು ಕೆಡುವುದಿಲ್ಲ. ಫಿಯಾಟ್, ಮಾರುತಿ 800, ಮಾರಿಸ್ ಮೈನರ್ ಹಾಗಲ್ಲ. ಅವುಗಳಲ್ಲಿ ಬೇರೆ ಚಾಸಿಯೇ ಇಲ್ಲ. ಫ್ಲೋರು, ಬಾಗಿಲ ಕೆಳಗಿನ ಸಿಲ್, ಕಂಬಗಳು, ಛಾವಣಿ ಎಲ್ಲ ಸೇರಿ ಒಂದೇ ಪೆಟ್ಟಿಗೆಯಾಗಿ ಭಾರ ಹೊರುತ್ತವೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಓಡುವ ಸಿಲ್ ಇಲ್ಲಿ ಮನೆಯ ತೊಲೆ ಇದ್ದ ಹಾಗೆ. ಅದು ಒಳಗೊಳಗೇ ಟೊಳ್ಳಾದರೆ ಕಾರು ನಡುವಿನಲ್ಲಿ ಜಗ್ಗುತ್ತದೆ, ಬಾಗಿಲು ಒಮ್ಮೆಗೇ ಹತ್ತುವುದಿಲ್ಲ, ಎತ್ತಿ ದೂಡಿ ಹಾಕಬೇಕಾಗುತ್ತದೆ. ಬಾಗಿಲಿನ ಕೀಲು ಸವೆದಿದೆ ಎಂದುಕೊಂಡು ಕೀಲು ಬದಲಿಸುವವರು ಬಹಳ. ರೋಗ ಇರುವುದು ಅದರ ಕೆಳಗೆ.

ತುಕ್ಕು ಎಂದರೆ ಕಬ್ಬಿಣ, ಗಾಳಿಯ ಆಮ್ಲಜನಕ ಮತ್ತು ನೀರು ಮೂರೂ ಕೂಡಿ ಆಗುವ ವಸ್ತು. ಗಣಿಯಲ್ಲಿ ಅದಿರಾಗಿದ್ದ ಕಬ್ಬಿಣ ಮತ್ತೆ ಅದಿರಾಗಲು ಹೊರಡುತ್ತದೆ. ನೀರಿನ ತೆಳು ಪದರವೊಂದು ಸಾಕು, ತಗಡಿನ ಒಂದು ಬಿಂದುವಿಗೂ ಇನ್ನೊಂದಕ್ಕೂ ನಡುವೆ ಸಣ್ಣ ಬ್ಯಾಟರಿಯಂತೆ ಕೆಲಸ ಶುರುವಾಗುತ್ತದೆ. ಉಪ್ಪು ಬೆರೆತರೆ ಆ ವೇಗ ಹಲವು ಪಟ್ಟು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಬಹಳ ಹೆಚ್ಚು ಜಾಗ ಬೇಡುತ್ತದೆ. ಅದಕ್ಕೇ ಎರಡು ತಗಡುಗಳ ನಡುವೆ ಸೇರಿದ ತುಕ್ಕು ಸ್ಪಾಟ್ ವೆಲ್ಡನ್ನೇ ಕಿತ್ತು ತಗಡುಗಳನ್ನು ಬೇರೆ ಮಾಡುತ್ತದೆ. ತುಕ್ಕು ಒಣಗಿದ ಲೇಪವಾಗಿ ಕೂತು ಒಳಗಿನ ಲೋಹ ಕಾಯುವಂಥದ್ದಲ್ಲ. ಸೀಳು ಸೀಳಾಗಿ ಏಳುತ್ತ ಕೆಳಗಿನ ಹೊಸ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಜರ್ಮನಿಯ ಪೋರ್ಶೆ 1970ರ ದಶಕದ ನಡುವಿನಲ್ಲಿ ಸತುವಿನ ಲೇಪದ ಬಾಡಿಗೆ ಹೊರಳಿತು. ಫಿಯಾಟ್, ಹೆರಾಲ್ಡ್ ಕಾಲದ ಸಣ್ಣ ಕಾರುಗಳ ತಗಡಿಗೆ ಅಂಥ ಕವಚ ಇರಲಿಲ್ಲ.

ಇದಕ್ಕೆ ಹಳಿಯಾಳ ಸೀಮೆಯ ಹವೆಯನ್ನು ಕೂಡಿಸಿ ನೋಡಬೇಕು. ನಾಲ್ಕು ತಾಲ್ಲೂಕೂ ಒಂದೇ ಬಗೆಯಲ್ಲ. ಹಳಿಯಾಳ, ಮುಂಡಗೋಡಗಳು ಘಟ್ಟದ ಬೆನ್ನಿಗೆ, ಬಯಲುಸೀಮೆಗೆ ಮುಖ ಮಾಡಿ ಕೂತ ಅರೆಮಲೆನಾಡು; ಭತ್ತ, ಮೆಕ್ಕೆಜೋಳ, ಕಬ್ಬಿನ ಹೊಲಗಳ ನಾಡು. ಜೋಯಿಡಾ ಘಟ್ಟದ ಅಂಚಿನದು. ಅಲ್ಲಿಯ ಕ್ಯಾಸಲ್‌ರಾಕ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಊರುಗಳಲ್ಲಿ ಒಂದು. ದಾಂಡೇಲಿ ಕಾಳಿ ನದಿಯ ದಂಡೆಯ ಊರು, ಸುತ್ತ ಕಾಡು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಗಾಳಿಯ ತೇವ ಶೇಕಡಾ 60 ದಾಟಿದರೆ ಸಾಕು, ಬರಿ ಉಕ್ಕಿನ ಮೇಲೆ ತುಕ್ಕು ವೇಗ ಪಡೆಯುತ್ತದೆ. ಇಲ್ಲಿಯ ಆಷಾಢ, ಶ್ರಾವಣಗಳಲ್ಲಿ ಆ ಮಿತಿಗಿಂತ ಕೆಳಗೆ ಇಳಿಯುವ ದಿನ ಸಿಕ್ಕುವುದೇ ಕಷ್ಟ. ಮಳೆಗಾಲ ಮುಗಿದ ಮೇಲೂ ಬೆಳಗಿನ ಇಬ್ಬನಿ ಇದ್ದೇ ಇರುತ್ತದೆ.

ಇಷ್ಟು ಮಳೆಯಲ್ಲೂ ಕಬ್ಬಿಣ ಬಾಳಬಹುದು ಎಂಬುದಕ್ಕೆ ಇದೇ ಪಶ್ಚಿಮ ಘಟ್ಟದಲ್ಲಿ ಸಾಕ್ಷಿ ಇದೆ. ಕೊಡಚಾದ್ರಿಯಲ್ಲಿ ಆದಿ ಮೂಕಾಂಬಿಕೆಯ ಗುಡಿಯ ಮುಂದೆ ನಿಂತ ಕಬ್ಬಿಣದ ಕಂಬ ತಲೆಮಾರುಗಳಿಂದ ಬಯಲಲ್ಲೇ ಮಳೆಗೆ ಮೈಯೊಡ್ಡಿದೆ, ಲೋಹ ವಿಜ್ಞಾನಿಗಳು ಅದರ ಅಭ್ಯಾಸವನ್ನೂ ಮಾಡಿದ್ದಾರೆ. ಅದರ ಲೋಹದ ಗುಣ ಬೇರೆ, ದಪ್ಪ ಬೇರೆ, ನಿಜ. ಆದರೆ ಕಾರಿನವರು ಅದರಿಂದ ಕಲಿಯುವ ಸಂಗತಿ ಒಂದಿದೆ. ಕಂಬದ ಮೇಲೆ ಬಿದ್ದ ನೀರು ನಿಲ್ಲುವುದಿಲ್ಲ, ಹರಿದು ಹೋಗುತ್ತದೆ. ಮಳೆ ನಿಂತೊಡನೆ ಗಾಳಿ ಅದನ್ನು ಒಣಗಿಸುತ್ತದೆ. ಕಾರಿನ ಸಿಲ್ ಎಲ್ಲ ಕಡೆ ಮುಚ್ಚಿದ ಕೊಳವೆ. ಒಳ ಹೋದ ನೀರಿಗೆ ಅಲ್ಲಿ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ.

ಫಿಯಾಟಿನ ಸಿಲ್ಲನ್ನು ಕತ್ತರಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ನೀರು ಇಳಿದು ಹೋಗಲೆಂದು ಸಿಲ್ಲಿನ ಕೆಳಗೆ ಬಿಟ್ಟ ಸಣ್ಣ ತೂತುಗಳು ಕಾಡುದಾರಿಯ ಕೆಂಪು ಕೆಸರಿನಿಂದ ಗಾರೆ ಹಾಕಿದಂತೆ ಮುಚ್ಚಿರುತ್ತವೆ. ಮೊಳೆಯಿಂದ ಚುಚ್ಚಿದರೆ ಮೊದಲು ಒಣ ಮಣ್ಣು ಉದುರುತ್ತದೆ. ಅದರ ಹಿಂದೆ ಒದ್ದೆ ಮಣ್ಣು, ಆಮೇಲೆ ಪದರ ಪದರವಾಗಿ ಬಿಚ್ಚಿಕೊಳ್ಳುವ ಕಂದು ಚೂರುಗಳು. ಅವೇ ಒಂದು ಕಾಲದ ತಗಡು. ಇಲಿ ಗೂಡು ಕಟ್ಟಿದ್ದರೆ ಹುಲ್ಲು, ಹತ್ತಿ, ಬಟ್ಟೆಯ ಚಿಂದಿಯೂ ಸಿಗುತ್ತವೆ, ಮತ್ತು ಅವು ನೀರನ್ನು ಸ್ಪಂಜಿನ ಹಾಗೆ ಹಿಡಿದಿಟ್ಟಿರುತ್ತವೆ. ಹೊರಗಿನಿಂದ ನೋಡಿದಾಗ ಕಂಡದ್ದು ಬಣ್ಣದ ಮೇಲಿನ ಎರಡು ಮೂರು ಗುಳ್ಳೆ ಮಾತ್ರ.

ಹಳೇ ಕಾರು ನಿಲ್ಲಿಸುವ ಜಾಗವೂ ಅಷ್ಟೇ ಮುಖ್ಯ. ಕೊಟ್ಟಿಗೆಯ ಮೂಲೆ ನೆರಳಿನದು, ಮೇಲೆ ಹಂಚಿದೆ, ಆದ್ದರಿಂದ ಕಾರಿಗೆ ಒಳ್ಳೆಯದು ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಆದರೆ ಗಂಜಲದ ಲವಣ ಮತ್ತು ಅಮೋನಿಯಾ ತಗಡಿಗೆ ಮಳೆಗಿಂತ ಕೆಟ್ಟವು. ತಾಡಪಾಲು ಬಿಗಿದು ಮುಚ್ಚುವುದೂ ತಪ್ಪೇ; ನೆಲದ ತೇವ ಮೇಲೆದ್ದು ಅದರೊಳಗೇ ಹನಿಗಟ್ಟುತ್ತದೆ. ಗಟ್ಟಿ ನೆಲ, ಮೇಲೆ ಛಾವಣಿ, ಸುತ್ತ ಗಾಳಿ, ಇವಿಷ್ಟಿದ್ದರೆ ಸಾಕು. ಗೋಡೆ ಇಲ್ಲದಿದ್ದರೂ ನಡೆಯುತ್ತದೆ.

ಕೆಲಸಕ್ಕೆ ಕೈ ಹಾಕುವ ಮೊದಲಿನ ಪರೀಕ್ಷೆಗೆ ಮೂರು ಸಾಮಾನು ಸಾಲುತ್ತವೆ: ಹಳೇ ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಅಯಸ್ಕಾಂತ, ಒಂದು ಟಾರ್ಚು. ಸ್ಕ್ರೂಡ್ರೈವರಿನ ಹಿಡಿಯಿಂದ ತಗಡು ತಟ್ಟಿದರೆ ಗಟ್ಟಿ ಜಾಗ ಠಣ್ ಎನ್ನುತ್ತದೆ, ಕೊಳೆತ ಜಾಗ ಒಡೆದ ಮಡಕೆಯ ಹಾಗೆ ಬೊದ್ದು ಸದ್ದು ಮಾಡುತ್ತದೆ. ಅಯಸ್ಕಾಂತ ಹಿಡಿಯದೆ ಜಾರಿದಲ್ಲಿ ಪುಟ್ಟಿ ಇದೆ ಎಂದೇ ಅರ್ಥ. ನೋಡಬೇಕಾದ ಜಾಗಗಳೂ ಹೆಚ್ಚುಕಡಿಮೆ ಎಲ್ಲ ಕಾರಿನಲ್ಲೂ ಅವೇ. ಮುಂದಿನ ಮಡ್‌ಗಾರ್ಡಿನ ಹಿಂಬದಿ ಕೆಳತುದಿ, ಪೆಡಲಿನ ಕೆಳಗೆ ಮ್ಯಾಟ್ ಮುಚ್ಚಿದ ಫ್ಲೋರು, ಆಸಿಡ್ ಚೆಲ್ಲುವ ಬ್ಯಾಟರಿಯ ತಟ್ಟೆ, ಬಾಗಿಲಿನ ತಳ, ಗಾಜಿನ ರಬ್ಬರಿನ ಕೆಳಮೂಲೆ, ಡಿಕ್ಕಿಯ ತಳ, ಜಾಕ್ ಹಚ್ಚುವ ಜಾಗ. ಜಾಕ್ ಏರಿಸಿದಾಗ ಕಾರು ಏಳುವ ಬದಲು ಜಾಕೇ ತಗಡಿನೊಳಗೆ ಹೋದರೆ ಆ ಬಾಡಿಗೆ ದೊಡ್ಡ ಕೆಲಸವೇ ಇದೆ.

ಕೆಲಸದ ಪಂಚಾಂಗ ಮಳೆ ಬರೆದದ್ದು. ದೀಪಾವಳಿ ದಾಟಿದ ಮೇಲೆ ಬಿಚ್ಚಬೇಕು, ಜನವರಿ–ಫೆಬ್ರವರಿಯಲ್ಲಿ ತಗಡಿನ ಕೆಲಸ, ಮಾರ್ಚಿನಲ್ಲಿ ಪುಟ್ಟಿ–ಪ್ರೈಮರ್. ಏಪ್ರಿಲ್ ಒಳಗೆ ಬಣ್ಣ ಮುಗಿಯಬೇಕು. ಮೇ ತಿಂಗಳ ಸಂಜೆಯ ಗುಡುಗು ಮಳೆಯ ಮೇಲೆ ಭರವಸೆ ಇಡಲಾಗದು. ಒಂದೇ ಬೇಸಿಗೆಯಲ್ಲಿ ಇಡೀ ಕಾರು ಆಗದಿದ್ದರೆ ಭಾಗ ಮಾಡಿಕೊಳ್ಳುವುದು ಜಾಣತನ: ಒಂದು ವರ್ಷ ಎಡ ಸಿಲ್ ಮತ್ತು ಫ್ಲೋರು, ಮರುವರ್ಷ ಬಲಗಡೆ. ಇಡೀ ಮೈಯ ಬಣ್ಣ ಕೆರೆದು ಬರಿ ತಗಡು ಮಾಡಿಟ್ಟು, ಜೂನ್ ಬಂದಾಗ ಪ್ರೈಮರ್ ಕೂಡ ಇಲ್ಲದೆ ನಿಂತ ಕಾರು ಮೊದಲಿಗಿಂತ ಹಾಳಾಗುತ್ತದೆ. ದಿನದ ನಿಯಮವೂ ಹಾಗೆಯೇ. ಬೆಳಿಗ್ಗೆ ಎಷ್ಟು ತಗಡು ಬಿಳುಪು ಮಾಡಿದರೋ ಅಷ್ಟಕ್ಕೆ ಅಂದೇ ಸಂಜೆಯೊಳಗೆ ಪ್ರೈಮರ್ ಬೀಳಬೇಕು. ರಾತ್ರಿಯ ಇಬ್ಬನಿ ಕೂತರೆ ಬೆಳಗಾಗುವಾಗ ಅರಿಶಿನ ಬಳಿದಂಥ ತೆಳು ತುಕ್ಕು ಎದ್ದಿರುತ್ತದೆ.

ಬಿಚ್ಚುವ ಮೊದಲು ಕಾರನ್ನು ನಿಲ್ಲಿಸುವ ಬಗೆ ಗಮನಿಸಬೇಕು. ಈ ಕಡೆ ಕೈಗೆ ಸುಲಭವಾಗಿ ಸಿಗುವುದು ಕೆಂಪುಕಲ್ಲು ಮತ್ತು ಇಟ್ಟಿಗೆ. ಅವುಗಳ ಮೇಲೆ ಕಾರು ಎತ್ತಿ ನಿಲ್ಲಿಸಿ ಕೆಳಗೆ ನುಗ್ಗುವುದು ಪ್ರಾಣದ ಆಟ. ಕಲ್ಲು ಸುಳಿವು ಕೊಡದೆ ಸೀಳುತ್ತದೆ. ಉಕ್ಕಿನ ಸ್ಟ್ಯಾಂಡ್ ನಾಲ್ಕು ಬೇಕೇ ಬೇಕು. ಚಾಸಿ ಇಲ್ಲದ ಕಾರಿನಲ್ಲಿ ಸಿಲ್ ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಆಂಗಲ್ ಬೆಸೆದು ಬಿಗಿ ಮಾಡಬೇಕು. ಎರಡೂ ಸಿಲ್ ಒಟ್ಟಿಗೆ ಕತ್ತರಿಸಲೇಬಾರದು. ಬಾಗಿಲು ಹಾಕಿ ಸಂದು ಅಳೆದು ಬರೆದಿಟ್ಟುಕೊಂಡರೆ, ಹೊಸ ಸಿಲ್ ಕೂರಿಸಿದ ಮೇಲೆ ಅದೇ ಅಳತೆ ಬಂದಿದೆಯೇ ಎಂದು ತಾಳೆ ನೋಡಬಹುದು. ಬ್ಯಾಟರಿಯ ತಂತಿ ಕಳಚುವುದು, ಪೆಟ್ರೋಲ್ ಟ್ಯಾಂಕು ಇಳಿಸಿ ದೂರ ಇಡುವುದು, ಸೀಟು ಮತ್ತು ಫೋಮ್ ತೆಗೆಯುವುದು ವೆಲ್ಡಿಂಗಿಗೆ ಮೊದಲೇ ಆಗಬೇಕಾದವು.

ಕಳಚಿದ ಸಣ್ಣ ಭಾಗಗಳ ತುಕ್ಕು ಬಿಡಿಸಲು ಈ ಸೀಮೆಯಲ್ಲಿ ಒಂದು ಅನುಕೂಲವಿದೆ. ಹಳಿಯಾಳ ಕಬ್ಬಿನ ಊರು, ಸಕ್ಕರೆ ಕಾರ್ಖಾನೆಯೂ ಇಲ್ಲಿದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಒಂದಕ್ಕೆ ಒಂಬತ್ತು ಪಾಲು ನೀರಿನಲ್ಲಿ ಕಲಸಿ, ತುಕ್ಕು ಹಿಡಿದ ಕೀಲು, ಬ್ರಾಕೆಟ್, ಬಂಪರಿನ ಹಿಡಿಕೆಗಳನ್ನು ಅದರಲ್ಲಿ ಮುಳುಗಿಸಿಡುವುದು ಜಗತ್ತಿನ ನಾನಾ ಕಡೆ ಹಳೇ ಕಾರಿನವರು ಬಳಸುವ ಉಪಾಯ. ಕಾಕಂಬಿಯಲ್ಲಿರುವ ವಸ್ತುಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ, ಒಳಗಿನ ಒಳ್ಳೆಯ ಉಕ್ಕಿನ ತಂಟೆಗೆ ಹೋಗುವುದಿಲ್ಲ. ಒಂದರಿಂದ ಮೂರು ವಾರ ಹಿಡಿಯುತ್ತದೆ. ಹುಳಿ ವಾಸನೆ ಜೋರು, ಆದ್ದರಿಂದ ಡ್ರಮ್ಮು ಹಿತ್ತಿಲಿನ ಕೊನೆಯಲ್ಲಿರಲಿ. ಅಲ್ಯೂಮಿನಿಯಂ ಭಾಗಗಳನ್ನು ಇದರಲ್ಲಿ ಹಾಕಬಾರದು, ಅವು ಕರಗುತ್ತವೆ. ತೆಗೆದ ಕೂಡಲೇ ತೊಳೆದು, ಬಿಸಿಲಲ್ಲಿ ಒಣಗಿಸಿ ಪ್ರೈಮರ್ ಹೊಡೆಯಬೇಕು.

ಬೇಗ ಆಗಬೇಕಿದ್ದರೆ ವಿದ್ಯುತ್ತಿನ ದಾರಿ ಇದೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಅದರ ಋಣ ತಂತಿಗೆ ತುಕ್ಕಿನ ಭಾಗ, ಧನ ತಂತಿಗೆ ಬಲಿಗೊಡುವ ಹಳೇ ಕಬ್ಬಿಣದ ಪಟ್ಟಿ. ಆ ಪಟ್ಟಿಗೆ ಸ್ಟೀಲ್ ತಟ್ಟೆ, ಲೋಟ ಬಳಸಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಏಳುವ ಗುಳ್ಳೆಗಳಲ್ಲಿ ಜಲಜನಕ ಇರುವುದರಿಂದ ಕೆಲಸ ಬಯಲಲ್ಲಿ ನಡೆಯಬೇಕು, ಬೀಡಿ–ಬೆಂಕಿ ಹತ್ತಿರ ಬರಬಾರದು. ಹುಣಸೆಹುಳಿ, ಕಿರಾಣಿ ಅಂಗಡಿಯ ನಿಂಬೆ ಉಪ್ಪು ಕೂಡ ತೆಳು ತುಕ್ಕನ್ನು ಬಿಡಿಸಬಲ್ಲವು. ತಾಮ್ರದ ಪಾತ್ರೆ ಬೆಳಗಿದವರಿಗೆ ಆ ಹುಳಿಯ ಗುಣ ಹೊಸದಲ್ಲ. ಬಾಡಿಯ ದೊಡ್ಡ ಮೈಗೆ ಮಾತ್ರ ಗ್ರೈಂಡರಿಗೆ ಹಾಕಿದ ವೈರ್ ಬ್ರಷ್ಷು, ಉಳಿದ ಕುಳಿಗಳಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್. ಪೂರಾ ತೂತಾದ ಜಾಗಕ್ಕೆ ಯಾವ ಔಷಧವೂ ಇಲ್ಲ. ಅಲ್ಲಿ ಕತ್ತರಿಯೇ ಬೇಕು.

ಕತ್ತರಿಸುವಾಗ ಕೈ ಹಿಡಿಯಬಾರದು. ತೂತಿನ ಅಂಚಿನಿಂದ ಒಂದಿಂಚು ಆಚೆ, ತಗಡು ಬೆಳ್ಳಗೆ ಗಟ್ಟಿಯಾಗಿ ಕಾಣುವವರೆಗೆ ಹೋಗಬೇಕು. ಕೊಳೆತ ಅಂಚಿಗೆ ಬೆಸುಗೆ ನಿಲ್ಲುವುದಿಲ್ಲ. ಕತ್ತರಿಸಿದ ಜಾಗದ ಮೇಲೆ ರಟ್ಟು ಇಟ್ಟು ಅಚ್ಚು ತೆಗೆದು, ಆ ಅಚ್ಚಿನಂತೆ ಹೊಸ ತಗಡನ್ನು ಕತ್ತರಿಸುವುದು ಕ್ರಮ. ದರ್ಜಿ ಬಟ್ಟೆಗೆ ಮಾಡುವಂಥದ್ದೇ ಕೆಲಸ. ತಗಡು ಅಂಗಡಿಯಲ್ಲಿ ಸಿಆರ್ ಶೀಟ್ ಎಂದು ಕೇಳಬೇಕು. ಬಾಡಿಯ ಹೊರಮೈಗೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ.; ಫ್ಲೋರು ಮತ್ತು ಸಿಲ್ಲಿಗೆ 18 ಗೇಜ್, ಸುಮಾರು 1.2 ಮಿ.ಮೀ. ಛಾವಣಿಗೆ ಹೊದಿಸುವ ಸತುವಿನ ತಗಡು ಇದಕ್ಕೆ ಬೇಡ. ಬೆಸೆಯುವಾಗ ಸತು ಕುದಿದು ಬಿಳಿ ಹೊಗೆಯಾಗುತ್ತದೆ, ಕುಡಿದವನಿಗೆ ಅಂದೇ ರಾತ್ರಿ ಚಳಿಜ್ವರ ಬರುತ್ತದೆ. ತೇಪೆಯ ಮೂಲೆಗಳನ್ನು ಚೂಪಾಗಿ ಬಿಡದೆ ದುಂಡು ಮಾಡಬೇಕು, ಚೂಪು ಮೂಲೆಯಿಂದಲೇ ಬಿರುಕು ಹುಟ್ಟುತ್ತದೆ. ಸಿಲ್ಲಿನ ಬಾಗು ಉದ್ದಕ್ಕೂ ಒಂದೇ ಸಮ ಬರಬೇಕಾದ್ದರಿಂದ ಅದನ್ನು ಶೀಟ್ ಬೆಂಡಿಂಗ್ ಯಂತ್ರ ಇರುವಲ್ಲಿ ಮಡಿಸಿ ತರುವುದು ಲೇಸು. ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶ ಎರಡೂ ಒಂದು ದಿನದಲ್ಲಿ ಹೋಗಿಬರುವ ದೂರ.

ಬೆಸುಗೆಯ ವಿಷಯದಲ್ಲಿ ಈ ಸೀಮೆಯವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಕಬ್ಬಿನ ಟ್ರ್ಯಾಲಿ, ನೇಗಿಲು, ಗೇಟು ಬೆಸೆಯುವ ಅಂಗಡಿ ಊರೂರಿಗೂ ಇದೆ, ಕೆಲಸಗಾರರೂ ಪಳಗಿದವರೇ. ಆದರೆ ಅವರ ಕೈ ಪಳಗಿರುವುದು ದಪ್ಪ ಕಬ್ಬಿಣಕ್ಕೆ, ರಾಡಿನ ವೆಲ್ಡಿಂಗಿಗೆ. ಕಾರಿನ ಹೊರಮೈಯ ತಗಡು ಒಂದು ಮಿಲಿಮೀಟರಿಗೂ ಕಡಿಮೆ. ರಾಡು ಮುಟ್ಟಿಸಿದರೆ ತೂತು ಬೀಳುತ್ತದೆ, ತೂತು ಮುಚ್ಚಲು ಹೋದರೆ ಇನ್ನೂ ದೊಡ್ಡದಾಗುತ್ತದೆ. ಹಳೇ ಟಿಂಕರಿಂಗ್ ಮೇಸ್ತ್ರಿಗಳು ಗ್ಯಾಸ್ ವೆಲ್ಡಿಂಗಿನಲ್ಲಿ ಈ ತೆಳು ತಗಡನ್ನು ನೂಲಿನಂಥ ಗೆರೆಯಲ್ಲಿ ಬೆಸೆಯುತ್ತಿದ್ದರು. ಅದು ವರ್ಷಗಟ್ಟಲೆ ಕೂತು ಕಲಿತ ಕೈಚಳಕ. ಮನೆಯಲ್ಲಿ ಕಲಿಯುವವರಿಗೆ ತಕ್ಕದ್ದು 0.8 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗ್, ಗ್ಯಾರೇಜಿನವರು ಸಿಓಟು ಎನ್ನುವುದು. ಸಿಂಗಲ್ ಫೇಸಿನಲ್ಲಿ ಓಡುವ ಇನ್ವರ್ಟರ್ ಮಾದರಿಗಳಿವೆ. ಹಳ್ಳಿಯ ಕರೆಂಟು ಇಳಿದು ಏರುವಾಗ ಬೆಸುಗೆಯೂ ಕೆಡುತ್ತದೆ, ಹಾಗಾಗಿ ಪಂಪ್‌ಸೆಟ್ ಓಡದ ಹೊತ್ತು ನೋಡಿಕೊಂಡು ಕೂರುವುದು ಒಳ್ಳೆಯದು. ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಂಥ ಕಡೆ ಕೈಕೆಲಸದ ತರಬೇತಿಗಳು ನಡೆಯುತ್ತವೆ. ತೆಳು ತಗಡಿನ ಟಿಂಕರಿಂಗನ್ನೂ ಅಂಥಲ್ಲಿ ಹೇಳಿಕೊಡುವಂತಾದರೆ ಈ ಭಾಗದ ಹುಡುಗರಿಗೆ ಬಹಳ ಉಪಯೋಗ.

ಉದ್ದಕ್ಕೆ ಒಂದೇ ಗೆರೆಯಾಗಿ ಬೆಸೆಯುತ್ತ ಹೋದರೆ ತಗಡು ಕಾದು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಆದ್ದರಿಂದ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ತಣಿಯಲು ಬಿಟ್ಟು ಎದುರು ಬದಿಯಲ್ಲಿ ಇನ್ನೊಂದು. ರಂಗೋಲಿಗೆ ಮೊದಲು ಚುಕ್ಕೆ ಇಡುವಂತೆ ಇಟ್ಟು, ಆಮೇಲೆ ನಡುವಿನ ಸಂದುಗಳನ್ನು ತುಂಬುತ್ತ ಬರಬೇಕು. ಒಂದು ಅಂಗೈಯಗಲ ತೇಪೆಗೆ ಅರ್ಧ ದಿನ ಹೋದರೂ ಅದು ತಡವಲ್ಲ. ಕಾರ್ಖಾನೆಯ ಸ್ಪಾಟ್ ವೆಲ್ಡ್ ಇದ್ದಲ್ಲಿ ಮೇಲಿನ ತಗಡಿಗೆ 6ರಿಂದ 8 ಮಿ.ಮೀ. ತೂತು ಕೊರೆದು, ಆ ತೂತಿನ ಮೂಲಕ ಕೆಳಗಿನದಕ್ಕೆ ಬೆಸೆದು ತುಂಬಿದರೆ ಅಷ್ಟೇ ಗಟ್ಟಿ ಹಿಡಿಯುತ್ತದೆ.

ಬೆಸುಗೆ ಉಜ್ಜಿ ಸಮ ಮಾಡಿದ ಮೇಲೆ ಮೊದಲು ಬೀಳಬೇಕಾದದ್ದು ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್. ಪುಟ್ಟಿ ಅದರ ಮೇಲೆ, ಬರಿ ತಗಡಿನ ಮೇಲಲ್ಲ. ಪುಟ್ಟಿ ನೀರು ಹೀರುತ್ತದೆ, ಮತ್ತು ಅದರ ದಪ್ಪ ಎರಡು ಮೂರು ಮಿಲಿಮೀಟರ್ ದಾಟಿತೆಂದರೆ ಕೆಳಗಿನ ತಗಡನ್ನು ಡಾಲಿ–ಸುತ್ತಿಗೆಯಲ್ಲಿ ಇನ್ನಷ್ಟು ಬಡಿಯಬೇಕಿತ್ತು ಎಂದರ್ಥ. ತಗಡುಗಳು ಕೂಡುವ ಸಂದುಗಳಿಗೆ ಸೀಲರ್ ತುಂಬಬೇಕು. ಬಣ್ಣದ ಬಗ್ಗೆ ಹೇಳುವುದು ಕಡಿಮೆ. ಹಿಂದೆ ಡೂಕೊ ಎಂದು ಕರೆಸಿಕೊಂಡ ಎನ್‌ಸಿ ಬಣ್ಣವನ್ನು ಮನೆಯಂಗಳದಲ್ಲಿ, ಒಣ ಬೆಳಿಗ್ಗೆ, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ ಹೊಡೆಯಬಹುದು. ಈಗಿನ ಪಿಯು ಬಣ್ಣ ಹೊಳಪಿನದು, ಬಾಳಿಕೆಯದು. ಆದರೆ ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇದೆ. ಬಟ್ಟೆಯ ಮಾಸ್ಕು ಅದನ್ನು ತಡೆಯದು, ಉಸಿರಾಟದ ರೋಗ ಕಾಯಂ ಆಗಿ ಅಂಟಿಕೊಳ್ಳಬಹುದು. ಪಿಯು ಕೆಲಸವನ್ನು ಬೂತ್ ಇರುವ ಪೇಂಟರಿಗೇ ಬಿಡಬೇಕು. ಹಳೇ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ, ಅದನ್ನು ಒಣದಾಗಿ ಉಜ್ಜದೆ ವಾಟರ್ ಪೇಪರಿನಲ್ಲಿ ಒದ್ದೆಯಾಗಿಯೇ ಉಜ್ಜಬೇಕು, ಮಕ್ಕಳು ಹತ್ತಿರ ಸುಳಿಯಬಾರದು.

ಬಿಡಿಭಾಗದ ಮಾತು ಬಂದಾಗ ವಿದೇಶದ ಮತ್ತು ನಮ್ಮ ಸ್ಥಿತಿಯ ಅಂತರ ಎದ್ದು ಕಾಣುತ್ತದೆ. ಬ್ರಿಟನ್ನಿನಲ್ಲಿ ಎಂಜಿಬಿ ಎಂಬ ಹಳೇ ಕಾರಿಗೆ 1988ರಿಂದ ಇಡೀ ಬಾಡಿಯನ್ನೇ ಹಳೇ ಅಚ್ಚಿನಲ್ಲಿ ಹೊಸದಾಗಿ ಒತ್ತಿ ಮಾರತೊಡಗಿದರು. ಫಿಯಾಟಿಗೆ ಅಂಥ ಭಾಗ್ಯ ಇಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿ, ಮುಂಬಯಿಯ ಕುರ್ಲಾದ ಹಳೇ ಸಾಮಾನಿನ ಪೇಟೆಗಳಲ್ಲಿ ಬಾಗಿಲು, ಬಾನೆಟ್, ಲೈಟಿನ ರಿಂಗು ಹುಡುಕಬೇಕು. ಸಿಲ್, ಫ್ಲೋರು ಮಾತ್ರ ಕೈಯಲ್ಲೇ ಬಡಿದು ಮಾಡಬೇಕು. ಇದನ್ನು ಕೊರತೆ ಎಂದಷ್ಟೇ ನೋಡಬೇಕಿಲ್ಲ. ಹೀಗೆ ಬಡಿದು ಮಾಡುವ ಅಗತ್ಯದಿಂದಲೇ ನಮ್ಮಲ್ಲಿ ಟಿಂಕರಿಂಗ್ ಕೈಗಳು ಇನ್ನೂ ಉಳಿದಿವೆ. ಒಳ್ಳೆಯದಾಗಿ ಉಳಿಸಿದ ಕಾರು ಹೇಗಿರುತ್ತದೆ ಎಂದು ಕಣ್ಣಾರೆ ನೋಡಲು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೋ, ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದಿಂದಲೇ ಶ್ರೀರಂಗಪಟ್ಟಣದ ಬಳಿ ತೆರೆದ ಪಯಣ ಕಾರು ಸಂಗ್ರಹಾಲಯಕ್ಕೋ ಹೋಗಬಹುದು.

ಕಾಗದಪತ್ರದ ಕಡೆಯೂ ಕಣ್ಣಿರಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ದಾಂಡೇಲಿಯಲ್ಲಿ ಸಾರಿಗೆ ಕಚೇರಿ ಇದೆ, ಅದರ ಸಂಖ್ಯೆ ಕೆಎ 65. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕು. ಚಾಸಿ ನಂಬರ್ ಕೊರೆದ ಜಾಗಕ್ಕೆ ಗ್ರೈಂಡರ್ ಸೋಕಬಾರದು. ಆ ಅಂಕಿ ಅಳಿಸಿದರೆ ಎಷ್ಟೇ ಚೆಂದದ ಕಾರೂ ಕಾನೂನಿನ ಕಣ್ಣಿಗೆ ಗುಜರಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ವಿಎ ಎಂಬ ಅಕ್ಷರ. ಚಾಸಿ, ಬಾಡಿ ಅಥವಾ ಎಂಜಿನ್ನಿನ ಸ್ವರೂಪ ಮಾರ್ಪಡಿಸಿದ ಕಾರಿಗೆ ಅದು ಸಿಗುವುದಿಲ್ಲ. ಇದ್ದ ಹಾಗೆಯೇ ಮತ್ತೆ ಮಾಡಬೇಕೆಂಬ ಟಿಂಕರಿಂಗಿನ ಒಳ್ಳೆಯ ಪದ್ಧತಿಗೆ ಹೀಗೆ ಕಾನೂನಿನ ಬೆಂಬಲವೂ ಸಿಕ್ಕಿದೆ. 1974ರ ಪದ್ಮಿನಿಗಳು 2024ರಿಂದ ಈ ಸಾಲಿಗೆ ಬರತೊಡಗಿವೆ. ಮೊದಲ ಮಾರುತಿ 800ಗಳ ಸರದಿ 2033ರ ಕೊನೆಗೆ.

ಎಲ್ಲ ಮುಗಿಸಿ ಬಣ್ಣ ಹೊಳೆದ ಮೇಲೂ ಒಂದು ಕೆಲಸ ಉಳಿದಿರುತ್ತದೆ, ಹೆಚ್ಚಿನವರು ಬಿಡುವುದೂ ಅದನ್ನೇ. ಸಿಲ್ಲಿನ ಒಳಗೆ, ಬಾಗಿಲಿನ ತಳದಲ್ಲಿ, ಕಂಬಗಳ ಟೊಳ್ಳಿನಲ್ಲಿ ಬೆಸುಗೆಯ ಶಾಖಕ್ಕೆ ಪ್ರೈಮರ್ ಸುಟ್ಟು ತಗಡು ಬರಿದಾಗಿರುತ್ತದೆ, ಅಲ್ಲಿಗೆ ಬ್ರಷ್ಷು ಹೋಗದು. ಉದ್ದ ಕೊಳವೆಯ ಗನ್ನಿನಿಂದ ವ್ಯಾಕ್ಸನ್ನು, ಅಂದರೆ ಮೇಣವನ್ನು, ಒಳಗೆಲ್ಲ ಸಿಂಪಡಿಸಬೇಕು. ಸುಟ್ಟ ಎಂಜಿನ್ ಆಯಿಲ್ ಸುರಿಯುವ ಹಳೇ ರೂಢಿ ಇದೆ. ಅದು ಸೋರಿ ಹೋಗುತ್ತದೆ, ರಬ್ಬರ್ ಕೆಡಿಸುತ್ತದೆ, ಅಂಗಳದ ಮಣ್ಣಿಗೂ ಬಾವಿಯ ನೀರಿಗೂ ಒಳ್ಳೆಯದಲ್ಲ. ವ್ಯಾಕ್ಸ್ ಹೊಡೆಯಲು ಕೊರೆದ ತೂತುಗಳಿಗೆ ರಬ್ಬರಿನ ಬಿರಡೆ ಹಾಕಿಡಬೇಕು, ನೀರು ಇಳಿಯುವ ತೂತುಗಳನ್ನು ಮಾತ್ರ ಮುಚ್ಚಬಾರದು. ಮೇ ತಿಂಗಳ ಕೊನೆಗೊಮ್ಮೆ ಅವುಗಳನ್ನು ತಂತಿಯಿಂದ ಬಿಡಿಸಬೇಕು, ದಸರಾ ಹೊತ್ತಿಗೆ ಮ್ಯಾಟು ಎತ್ತಿ ಫ್ಲೋರು ಒಣಗಿಸಬೇಕು. ಒಳಗಿನ ವ್ಯಾಕ್ಸನ್ನು ಎರಡು ಮೂರು ಮಳೆಗಾಲಕ್ಕೊಮ್ಮೆ ಮತ್ತೆ ಹೊಡೆಯಬೇಕಾಗುತ್ತದೆ.